ನಿಯಮಕ್ಕೂ ತಾರೀಖಿದೆ



ಹೊರದೇಶಕ್ಕೆ ಹೊರಟವರ ಮನೆಯಲ್ಲಿ ಮೊದಲು ಟಿಕೆಟ್ಟಿನ ಮಾತು ಬರುತ್ತದೆ. ಆಮೇಲೆ ವೀಸಾದ ಮಾತು. ಅದಾದ ಮೇಲೆ ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ ಎಷ್ಟು ಒಯ್ಯಬಹುದೆಂಬ ಲೆಕ್ಕ. 2020ರ ಮಾರ್ಚಿನಿಂದ ಮುಂದೆ ಸುಮಾರು ಮೂರು ವರ್ಷ ಇವೆಲ್ಲವನ್ನೂ ಹಿಂದಕ್ಕೆ ಸರಿಸಿ ಬೇರೊಂದು ಚಿಂತೆ ಮುಂದೆ ಬಂದು ಕೂತಿತ್ತು. ಆ ದೇಶ ಈ ವಾರ ನಮ್ಮನ್ನು ಒಳಗೆ ಬಿಡುತ್ತದೆಯೇ? ಬಿಟ್ಟರೆ ಯಾವ ಕಾಗದ ಕೇಳುತ್ತದೆ? ಮರಳಿ ಬರುವಾಗ ನಮ್ಮ ದೇಶ ಏನು ಕೇಳುತ್ತದೆ?

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಪ್ರಯಾಣದ ಪ್ರತಿಯೊಂದು ನಿಯಮಕ್ಕೂ ಒಂದು ತಾರೀಖಿರುತ್ತದೆ. ಆ ತಾರೀಖನ್ನು ನೋಡದೆ ನಿಯಮವನ್ನಷ್ಟೇ ಓದಿಕೊಂಡವರು ಆ ವರ್ಷಗಳಲ್ಲಿ ತುಂಬ ಕಷ್ಟಪಟ್ಟರು. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟಿದ್ದ ತಾಯಂದಿರು ಹೋಗಲಾಗದೆ ಉಳಿದರು. ಗಲ್ಫ್‌ನಿಂದ ರಜೆಗೆಂದು ಊರಿಗೆ ಬಂದವರು ಕೆಲಸಕ್ಕೆ ಮರಳಲಾಗದೆ ಕುಳಿತರು. ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕ ಮಕ್ಕಳು ಒಂದು ವರ್ಷ ಕಳೆದುಕೊಂಡರು.

ಕೋವಿಡ್ ಮುಗಿಯಿತಲ್ಲ, ಈ ಮಾತು ಈಗೇಕೆ ಎಂದು ನೀವು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಘೋಷಿಸಿದ್ದು ನಿಜ. ಆದರೆ ರೋಗಕ್ಕೂ ಗಡಿಗೂ ಇರುವ ನಂಟು ಅಂದಿಗೇ ಕಡಿದುಹೋಗಲಿಲ್ಲ. ಮುಂದೊಂದು ರೋಗ ಬಂದಾಗ ನಿಯಮಗಳು ಮತ್ತೆ ಹೀಗೆಯೇ ಬದಲಾಗುತ್ತವೆ. ಆಗ ನಮ್ಮ ಕೈಯಲ್ಲಿರಬೇಕಾದದ್ದು ಹಳೆಯ ನಿಯಮಗಳ ಪಟ್ಟಿಯಲ್ಲ, ನಿಯಮವನ್ನು ಓದುವ ಕ್ರಮ.

ಎಷ್ಟು ಬೇಗ ಎಲ್ಲವೂ ಬದಲಾಯಿತೆಂದು ಸ್ವಲ್ಪ ನೆನಪಿಸಿಕೊಳ್ಳೋಣ. 2020ರ ಮಾರ್ಚ್ 13ರಿಂದ ಭಾರತ ಪ್ರವಾಸಿ ವೀಸಾಗಳನ್ನು ತಡೆಹಿಡಿಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳೇ ನಿಂತವು. ಮೊದಲು ಒಂದು ವಾರದ ಮಟ್ಟಿಗೆ ಎಂದರು. ಮಾಮೂಲು ವಿಮಾನಗಳು ಮತ್ತೆ ಪೂರ್ತಿಯಾಗಿ ಹಾರಿದ್ದು 2022ರ ಮಾರ್ಚ್ 27ರಂದು. ಒಂದು ವಾರ ಎಂದದ್ದು ಎರಡು ವರ್ಷವಾಯಿತು.

ನಡುವೆ ಬೇರೆ ದಾರಿಗಳು ತೆರೆದವು. 2020ರ ಮೇ ತಿಂಗಳಲ್ಲಿ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವ ವಂದೇ ಭಾರತ್ ಮಿಷನ್ ವಿಮಾನಗಳು ಬಂದವು. ಮೇ 11ರ ನಸುಕಿನಲ್ಲಿ ಲಂಡನ್ನಿನಿಂದ ಬೆಂಗಳೂರಿಗೆ ಒಂದು ವಿಮಾನ ಬಂತು. ಮರುದಿನ ದುಬೈನಿಂದ ಮಂಗಳೂರಿಗೆ ಇನ್ನೊಂದು. ಜುಲೈ ಹೊತ್ತಿಗೆ ಏರ್ ಬಬಲ್ ಎಂಬ ಏರ್ಪಾಡು ಶುರುವಾಯಿತು. ಅಂದರೆ ಎರಡು ದೇಶಗಳು ಪರಸ್ಪರ ಒಪ್ಪಿಕೊಂಡು ತಮ್ಮ ತಮ್ಮ ವಿಮಾನಗಳನ್ನು ಮಾತ್ರ ಓಡಿಸುವುದು. ಯಾವ ದೇಶದೊಡನೆ ಒಪ್ಪಂದವಾಗಿದೆ, ಯಾರು ಹತ್ತಬಹುದು ಎಂಬ ಪಟ್ಟಿ ಬೆಳೆಯುತ್ತಲೇ ಹೋಯಿತು.

ಆಮೇಲೆ ಬಂದದ್ದು 2021ರ ಏಪ್ರಿಲ್. ಎರಡನೆಯ ಅಲೆ. ಮೇ ಮೊದಲ ದಿನಕ್ಕೆ ಭಾರತದಲ್ಲಿ ದಿನವೊಂದರ ಹೊಸ ಸೋಂಕು 4 ಲಕ್ಷ ದಾಟಿತ್ತು. ದೇಶಗಳು ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. ಬ್ರಿಟನ್ ಏಪ್ರಿಲ್ 19ರಂದು ಘೋಷಿಸಿ 23ರಂದು ನಮ್ಮನ್ನು ಅತಿ ಬಿಗಿಯಾದ ತಡೆಯಿದ್ದ ದೇಶಗಳ ಕೆಂಪು ಪಟ್ಟಿಗೆ ಸೇರಿಸಿತು. ನಾಲ್ಕು ದಿನದ ಅವಕಾಶ. ಅರಬ್ ಎಮಿರೇಟ್ಸ್ ಎರಡು ದಿನ ಕೊಟ್ಟಿತು. ಕೆನಡಾ ಏಪ್ರಿಲ್ 22ರಂದು ಹೇಳಿ ಅದೇ ರಾತ್ರಿ ನೇರ ವಿಮಾನಗಳನ್ನು ನಿಲ್ಲಿಸಿತು. ಅಮೆರಿಕ ತನ್ನ ತಡೆಯನ್ನು ಏಪ್ರಿಲ್ 30ರಂದು ಪ್ರಕಟಿಸಿ ಮೇ 4ರಿಂದ ಜಾರಿಗೆ ತಂದಿತು.

ಈ ನಿರ್ಧಾರಗಳನ್ನೆಲ್ಲ ನಾನು ತಪ್ಪೆನ್ನುವುದಿಲ್ಲ. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲದ ಕಾಲ ಅದು. ಹೊಸ ರೂಪದ ವೈರಸ್ಸನ್ನು ಕೆಲವು ವಾರವಾದರೂ ತಡೆದು ನಿಲ್ಲಿಸಬೇಕೆಂದು ಯಾವ ಸರ್ಕಾರಕ್ಕಾದರೂ ಅನ್ನಿಸುತ್ತದೆ. ಆದರೆ ಆಸ್ಟ್ರೇಲಿಯಾ ಮಾಡಿದ್ದನ್ನು ನಾನು ಒಪ್ಪಲಾರೆ. ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದ ತನ್ನದೇ ಪ್ರಜೆಗಳು ಮರಳಿ ಬಂದರೆ ಐದು ವರ್ಷದವರೆಗೆ ಜೈಲು ಅಥವಾ ಭಾರಿ ದಂಡ ಎಂದು ಅದು ಮೇ 3ರಿಂದ ಕಟ್ಟಳೆ ಮಾಡಿತು. ಆ ಕಟ್ಟಳೆ ಮೇ 15ರವರೆಗೆ ಇತ್ತು. ತಾಯಿನಾಡಿನಲ್ಲಿ ತಂದೆ ತಾಯಿಯನ್ನು ನೋಡಲು ಬಂದವರನ್ನು ಅಪರಾಧಿಗಳ ಸಾಲಿನಲ್ಲಿ ನಿಲ್ಲಿಸುವುದು ಆರೋಗ್ಯ ಕಾಪಾಡುವ ಬಗೆಯಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ನಿಯಮ ಒಂದು ದಿನದಲ್ಲೂ ಬದಲಾಗಬಹುದು, ಒಂದು ವಾರ ಎಂದದ್ದು ವರ್ಷಗಟ್ಟಲೆ ಎಳೆಯಬಹುದು. ಈಗ ತಾರೀಖನ್ನು ಓದುವುದು ಹೇಗೆ ಎಂಬಲ್ಲಿಗೆ ಬರುತ್ತೇನೆ.

ತಾರೀಖು ಎಂದರೆ ದಿನ ಮಾತ್ರ ಅಲ್ಲ. ಗಂಟೆಯೂ ಹೌದು. ಯಾವ ದೇಶದ ಗಂಟೆ ಎಂಬುದೂ ಹೌದು. ಬ್ರಿಟನ್ನಿನ ಕೆಂಪು ಪಟ್ಟಿ ಜಾರಿಯಾದದ್ದು ಅಲ್ಲಿನ ಬೆಳಗಿನ ಜಾವ 4 ಗಂಟೆಗೆ. ನಮ್ಮಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಆ ಹೊತ್ತಿನೊಳಗೆ ಲಂಡನ್ನಿನಲ್ಲಿ ಇಳಿದಿರಬೇಕಿತ್ತು. ಲೆಕ್ಕ ಇಳಿಯುವ ಹೊತ್ತಿನದು. ಅಮೆರಿಕದ ಆದೇಶದಲ್ಲಿ ಲೆಕ್ಕ ಬೇರೆ. ಆದೇಶ ಜಾರಿಯಾಗುವ ಮೊದಲೇ ಹೊರಟ ವಿಮಾನದಲ್ಲಿದ್ದವರಿಗೆ ಅದು ತಾಗುತ್ತಿರಲಿಲ್ಲ. ಅಲ್ಲಿ ಲೆಕ್ಕ ಹೊರಡುವ ಹೊತ್ತಿನದು. ಲಂಡನ್ನಿಗೆಂದು ಒಂದೇ ದಿನ ಬೆಂಗಳೂರು ಬಿಟ್ಟ ಇಬ್ಬರು ಪ್ರಯಾಣಿಕರಲ್ಲಿ, ಜಾರಿಯ ಹೊತ್ತಿನೊಳಗೆ ಇಳಿದವರಿಗೆ ಮನೆ, ಆಮೇಲೆ ಇಳಿದವರಿಗೆ ಹೋಟೆಲ್ ಕ್ವಾರಂಟೈನ್. ವ್ಯತ್ಯಾಸವಿದ್ದದ್ದು ಆದೇಶದ ಒಂದು ವಾಕ್ಯದಲ್ಲಿ. ಆ ಹೋಟೆಲ್ ವಾಸಕ್ಕೆ ಹತ್ತು ದಿನಕ್ಕೆ 1,750 ಪೌಂಡ್. ನಮ್ಮ ಹಣದಲ್ಲಿ ಪೌಣೇ ಎರಡು ಲಕ್ಷ ರೂಪಾಯಿಗೂ ಮಿಕ್ಕಿ. ಅದೇ ವರ್ಷದ ಆಗಸ್ಟಿನಲ್ಲಿ ಆ ದರವನ್ನೂ ಏರಿಸಿದರು.

ಪರೀಕ್ಷೆಯ ವರದಿಗೂ ಇದೇ ಮಾತು. ಆರ್‌ಟಿ-ಪಿಸಿಆರ್ ವರದಿ 72 ಗಂಟೆಯೊಳಗಿನದಾಗಿರಬೇಕು ಎಂದು ಎಲ್ಲರ ಬಾಯಲ್ಲೂ ಇತ್ತು. ಯಾವಾಗಿನಿಂದ 72 ಗಂಟೆ? ಮೂಗಿನಿಂದ ಮಾದರಿ ತೆಗೆದ ಹೊತ್ತಿನಿಂದಲೇ, ವರದಿ ಕೈಗೆ ಬಂದ ಹೊತ್ತಿನಿಂದಲೇ? ಯಾವಾಗಿನವರೆಗೆ? ಮೊದಲ ವಿಮಾನ ಏರುವವರೆಗೇ, ಕೊನೆಯ ವಿಮಾನ ಇಳಿಯುವವರೆಗೇ? ಒಂದೊಂದು ದೇಶ ಒಂದೊಂದು ಬಗೆಯಲ್ಲಿ ಎಣಿಸುತ್ತಿತ್ತು. ಅಮೆರಿಕ ಗಂಟೆಗಳನ್ನು ಬಿಟ್ಟು ದಿನಗಳನ್ನು ಎಣಿಸಿತು. ಮೊದಲು ಮೂರು ದಿನ ಎಂದಿತ್ತು. 2021ರ ಡಿಸೆಂಬರ್ 6ರಿಂದ ಒಂದೇ ದಿನ ಎಂದಿತು. ಅರಬ್ ಎಮಿರೇಟ್ಸ್ 48 ಗಂಟೆ ಎಂದಿತು. ಅದರ ಜೊತೆಗೆ ವಿಮಾನ ನಿಲ್ದಾಣದಲ್ಲೇ ಇನ್ನೊಂದು ತ್ವರಿತ ಪರೀಕ್ಷೆ ಕೇಳಿತು. ಅದರ ಗಡುವು ಆರಂಭದಲ್ಲಿ ಹೊರಡುವ ಮುಂಚಿನ 4 ಗಂಟೆ, ಆಮೇಲೆ 6 ಗಂಟೆ. ವರದಿಯ ಮೇಲೆ ಕ್ಯೂಆರ್ ಕೋಡ್ ಇರಲೇಬೇಕಿತ್ತು.

ಈ ತ್ವರಿತ ಪರೀಕ್ಷೆಯ ನಿಯಮ ಕರಾವಳಿಯ ಮನೆಗಳನ್ನು ಹೇಗೆ ತಟ್ಟಿತೆಂದು ಯೋಚಿಸಿ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಸಂಸಾರಗಳು ದುಬೈ, ಅಬುಧಾಬಿಯ ಸಂಬಳದ ಮೇಲೆ ನಿಂತಿವೆ. ಆ ಪರೀಕ್ಷೆಯ ವ್ಯವಸ್ಥೆ ಇಲ್ಲದ ನಿಲ್ದಾಣದಿಂದ ಹೊರಡುವಂತಿರಲಿಲ್ಲ. ಕೈಯಲ್ಲಿ ಟಿಕೆಟ್ ಇದೆ, ವೀಸಾ ಇದೆ, ಲಸಿಕೆಯೂ ಆಗಿದೆ, ಆದರೆ ಊರಿನ ನಿಲ್ದಾಣದಲ್ಲಿ ಯಂತ್ರವಿಲ್ಲ. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ನಿವಾಸ ಪರವಾನಗಿ ರದ್ದಾಗುವುದು ಅಲ್ಲಿನ ಮಾಮೂಲು ಕಾನೂನು. ಆಗಾಗ ರಿಯಾಯಿತಿ ಘೋಷಿಸಿದರು, ನಿಜ. ಆ ರಿಯಾಯಿತಿಗೂ ಕೊನೆಯ ತಾರೀಖಿತ್ತು.

ಕೆನಡಾದ ನಿಯಮ ಇನ್ನೂ ಬಿಗಿ. ಸುಮಾರು ಐದು ತಿಂಗಳು ನೇರ ವಿಮಾನವೇ ಇರಲಿಲ್ಲ. ಬೇರೊಂದು ದೇಶಕ್ಕೆ ಹೋಗಿ, ಅಲ್ಲಿ ಪರೀಕ್ಷೆ ಮಾಡಿಸಿ, ಅಲ್ಲಿಂದ ಹೋಗಬೇಕಿತ್ತು. 2021ರ ಸೆಪ್ಟೆಂಬರ್ ಕೊನೆಗೆ ನೇರ ವಿಮಾನ ತೆರೆದಾಗ, ದೆಹಲಿ ನಿಲ್ದಾಣದ ಒಂದು ಗೊತ್ತಾದ ಪ್ರಯೋಗಾಲಯದಲ್ಲಿ ಹೊರಡುವ 18 ಗಂಟೆಯೊಳಗೆ ಮಾಡಿಸಿದ ಪರೀಕ್ಷೆ ಮಾತ್ರ ನಡೆಯುತ್ತಿತ್ತು. ಧಾರವಾಡದಲ್ಲೋ ಮೈಸೂರಿನಲ್ಲೋ ಮಾಡಿಸಿದ ವರದಿ ಎಷ್ಟೇ ಸರಿಯಾಗಿದ್ದರೂ ಅಲ್ಲಿ ಕೆಲಸಕ್ಕೆ ಬರುತ್ತಿರಲಿಲ್ಲ.

ಅಂದರೆ, ಕೇಳುಗರೆ, ನಿಯಮದ ತಾರೀಖನ್ನು ಗಂಟೆ ಸಮೇತ ಓದಬೇಕು. ಹೊರಡುವ ಲೆಕ್ಕವೋ ಇಳಿಯುವ ಲೆಕ್ಕವೋ ನೋಡಬೇಕು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಸಂಗತಿಗೆ ಬನ್ನಿ. ಈ ನಿಯಮ ಯಾರಿಗೆ ಅನ್ವಯಿಸುತ್ತದೆ?

ನಮ್ಮಲ್ಲಿ ಹೆಚ್ಚಿನವರು ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನಷ್ಟೇ ಯೋಚಿಸುತ್ತಾರೆ. ಸಾಂಕ್ರಾಮಿಕದ ನಿಯಮ ಕೇಳುವುದು ನೀವು ಕಳೆದ ಎರಡು ವಾರ ಎಲ್ಲಿದ್ದಿರಿ ಎಂಬುದನ್ನು. ಅಮೆರಿಕದ ತಡೆ ಹಿಂದಿನ 14 ದಿನಗಳಲ್ಲಿ ಭಾರತದಲ್ಲಿದ್ದವರಿಗೆ. ಬ್ರಿಟನ್ ಹಿಂದಿನ 10 ದಿನಗಳ ಲೆಕ್ಕ ಕೇಳುತ್ತಿತ್ತು. ಆದ್ದರಿಂದ ವಿಮಾನ ಬದಲಿಸುವ ದೇಶವೂ ಲೆಕ್ಕಕ್ಕೆ ಬರುತ್ತದೆ. ಹೋಗುವ ದೇಶದ ನಿಯಮ ಓದಿ, ನಡುವೆ ನಾಲ್ಕು ಗಂಟೆ ಕಾಯುವ ದೇಶದ ನಿಯಮ ಓದದೆ ಬಿಟ್ಟರೆ, ಪ್ರಯಾಣ ಅಲ್ಲಿಗೇ ನಿಲ್ಲಬಹುದು. ಇದೇ ಕಾಲದಲ್ಲಿ ಒಂದು ಒಳ್ಳೆಯದೂ ಆಯಿತು. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ನೇರ ವಿಮಾನ ಬಂತು. ಅಂಥ ವಿಮಾನದಲ್ಲಿ ಹೋದವರಿಗೆ ಎರಡು ದೇಶಗಳ ನಿಯಮ ಓದಿದರೆ ಸಾಕಿತ್ತು. ಮೂರನೆಯದರ ತಲೆನೋವಿರಲಿಲ್ಲ.

ಇನ್ನು ಲಸಿಕೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಅತಿ ಹೆಚ್ಚು ಮನೆಗಳನ್ನು ಕಾಡಿದ್ದು ಇದೇ.

2021ರ ಬೇಸಿಗೆಯಲ್ಲಿ ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ 12ರಿಂದ 16 ವಾರ ಅಂತರ ಬೇಕೆಂದು ನಮ್ಮ ಸರ್ಕಾರ ಹೇಳಿತ್ತು. ಆಗಸ್ಟಿನಲ್ಲಿ ತರಗತಿ ಶುರುವಾಗುವ ವಿದ್ಯಾರ್ಥಿ ಅಷ್ಟು ಕಾಯುವುದು ಹೇಗೆ? ಜೂನ್ ಮೊದಲ ವಾರದಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದಾರಿ ಮಾಡಿಕೊಟ್ಟಿತು. ಓದಲು, ಕೆಲಸಕ್ಕೆ, ಟೋಕಿಯೋ ಒಲಿಂಪಿಕ್ಸ್‌ಗೆ ಹೋಗುವವರು 28 ದಿನಕ್ಕೇ ಎರಡನೆಯ ಡೋಸ್ ಪಡೆಯಬಹುದು ಎಂದಿತು. ಕೋವಿನ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸಂಖ್ಯೆಯನ್ನು ಜೋಡಿಸುವ ಏರ್ಪಾಡೂ ಆಯಿತು. ಈ ಸುದ್ದಿ ತಿಳಿದವರು ಎರಡು ತಿಂಗಳು ಉಳಿಸಿಕೊಂಡರು. ತಿಳಿಯದವರು ಹಳೆಯ ನಿಯಮವನ್ನೇ ನಂಬಿ ಕಾಯುತ್ತ ಕೂತರು.

ಆಮೇಲೆ ಲಸಿಕೆಯ ಹೆಸರು ಅಡ್ಡ ಬಂತು. ಯುರೋಪಿನ ಒಕ್ಕೂಟದ ಡಿಜಿಟಲ್ ಪ್ರಮಾಣಪತ್ರ ಜುಲೈ 1ರಂದು ಶುರುವಾದಾಗ ಅದರ ಪಟ್ಟಿಯಲ್ಲಿ ಕೋವಿಶೀಲ್ಡ್ ಇರಲಿಲ್ಲ. ಪುಣೆಯಲ್ಲಿ ತಯಾರಾಗುತ್ತಿದ್ದ ಈ ಲಸಿಕೆ ಆಸ್ಟ್ರಾಜೆನೆಕಾದ್ದೇ ಆಗಿತ್ತು. ಜರ್ಮನಿ, ಸ್ಪೇನ್, ಗ್ರೀಸ್‌ನಂಥ ದೇಶಗಳು ತಾವಾಗಿಯೇ ಒಪ್ಪಿಕೊಂಡವು. ಬ್ರಿಟನ್ ಸೆಪ್ಟೆಂಬರಿನಲ್ಲಿ ವಿಚಿತ್ರ ನಿಲುವು ತಳೆಯಿತು. ಲಸಿಕೆ ಸರಿ, ಆದರೆ ನಿಮ್ಮ ಪ್ರಮಾಣಪತ್ರ ಸಾಲದು ಎಂದಿತು. ಎರಡು ಡೋಸ್ ಪಡೆದವರೂ ಹತ್ತು ದಿನ ಪ್ರತ್ಯೇಕವಾಗಿರಬೇಕಾಯಿತು. ಇದು ಅನ್ಯಾಯವೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಭಾರತ ಅಕ್ಟೋಬರ್ 4ರಿಂದ ಬ್ರಿಟನ್ನಿನ ಪ್ರಜೆಗಳಿಗೂ ಅಂಥದೇ ನಿಯಮ ಹಾಕಿತು. ಒಂದೇ ವಾರದಲ್ಲಿ, ಅಕ್ಟೋಬರ್ 11ಕ್ಕೆ, ಬ್ರಿಟನ್ ಒಪ್ಪಿತು. ನಾವೂ ನಮ್ಮ ನಿಯಮ ಹಿಂತೆಗೆದುಕೊಂಡೆವು.

ಕೋವ್ಯಾಕ್ಸಿನ್ ಪಡೆದವರು ಇನ್ನೂ ಹೆಚ್ಚು ಕಾದರು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಮನ್ನಣೆ ಕೊಟ್ಟದ್ದು 2021ರ ನವೆಂಬರ್ 3ರಂದು. ಬ್ರಿಟನ್ ಒಪ್ಪಿದ್ದು ಅದೇ ತಿಂಗಳ 22ರಂದು. ಅಲ್ಲಿಯವರೆಗೆ ಸ್ವದೇಶದ ಲಸಿಕೆಯನ್ನು ನಂಬಿ ತೋಳೊಡ್ಡಿದವರು ಎಷ್ಟೋ ದೇಶಗಳ ಲೆಕ್ಕದಲ್ಲಿ ಲಸಿಕೆಯೇ ಆಗದವರು.

ಪ್ರಯಾಣಿಕರ ಹೆಸರಿನದೂ ಒಂದು ತೊಡಕು, ನಮ್ಮ ಕನ್ನಡದ ಮನೆಗಳಿಗೆ ಚೆನ್ನಾಗಿ ಗೊತ್ತಿರುವಂಥದು. ನಮ್ಮಲ್ಲಿ ಅನೇಕರಿಗೆ ಮನೆತನದ ಹೆಸರಿಲ್ಲ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ನಿಂತಿರುತ್ತವೆ. ಆಧಾರ್‌ನಲ್ಲಿ ಇನಿಷಿಯಲ್ ಇದ್ದರೆ ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆದಿರುತ್ತದೆ. ಲಸಿಕೆ ಪಡೆದದ್ದು ಆಧಾರ್ ತೋರಿಸಿ. ವಿದೇಶದಲ್ಲಿ ತೋರಿಸಬೇಕಾದದ್ದು ಪಾಸ್‌ಪೋರ್ಟ್. ಎರಡರ ಹೆಸರೂ ಒಂದೇ ಎಂದು ನಮಗೆ ಗೊತ್ತು, ಅಲ್ಲಿನ ಅಧಿಕಾರಿಗೆ ಗೊತ್ತಿಲ್ಲ. ಜೊತೆಗೆ ಮೊದಲ ಪ್ರಮಾಣಪತ್ರಗಳಲ್ಲಿ ವಯಸ್ಸಿತ್ತೇ ಹೊರತು ಹುಟ್ಟಿದ ತಾರೀಖು ಇರಲಿಲ್ಲ. ಅದನ್ನು ಸೇರಿಸುವ ವ್ಯವಸ್ಥೆ ಆ ವರ್ಷದ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಂತು. ಎಲ್ಲ ಕಾಗದಗಳಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯೇ ಎಂದು ಪ್ರಯಾಣ ಗೊತ್ತಾದ ದಿನವೇ ನೋಡಿಬಿಡಿ. ತಿದ್ದಿಸಲು ಸಮಯ ಬೇಕು.

ಇದುವರೆಗೆ ಹೊರದೇಶದ ನಿಯಮಗಳನ್ನು ನೋಡಿದೆವು. ಅವು ಯಾವಾಗಿನಿಂದ, ಯಾರಿಗೆ, ಯಾವ ಕಾಗದದ ಮೇಲೆ ಎಂಬುದನ್ನು ಹೇಳಿದೆ. ಹೋಗುವವರು ಮರೆಯುವುದು ಮರಳುವ ನಿಯಮವನ್ನು. ಅದನ್ನೂ ಸ್ವಲ್ಪ ಹೇಳುತ್ತೇನೆ.

2021ರ ನವೆಂಬರ್ 26ರಂದು ನಮ್ಮ ಸರ್ಕಾರ, ಡಿಸೆಂಬರ್ 15ರಿಂದ ಮಾಮೂಲು ಅಂತರರಾಷ್ಟ್ರೀಯ ವಿಮಾನಗಳು ಹಾರುತ್ತವೆ ಎಂದು ಪ್ರಕಟಿಸಿತು. ಅದೇ ದಿನ ವಿಶ್ವ ಆರೋಗ್ಯ ಸಂಸ್ಥೆ ಒಮಿಕ್ರಾನ್ ಎಂಬ ಹೆಸರನ್ನು ಲೋಕಕ್ಕೆ ಹೇಳಿತು. ಡಿಸೆಂಬರ್ 1ಕ್ಕೆ ವಿಮಾನಗಳ ತೀರ್ಮಾನ ಮುಂದಕ್ಕೆ ಹೋಯಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು. ಎರಡೂ ನಮ್ಮ ಬೆಂಗಳೂರಿನವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು, ಅಷ್ಟರಲ್ಲಿ ದುಬೈಗೆ ಹೊರಟೂ ಹೋಗಿದ್ದರು. ಇನ್ನೊಬ್ಬರು ಇಲ್ಲಿನ ವೈದ್ಯರು, ವಿದೇಶಕ್ಕೆ ಹೋಗಿಯೇ ಇರಲಿಲ್ಲ. ಗಡಿಯಲ್ಲಿ ಎಷ್ಟು ತಡೆದರೂ ಸೋಂಕು ಅದಕ್ಕಿಂತ ಮುಂದಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆಗ ಕ್ರಿಸ್‌ಮಸ್ ರಜೆಗೆ ಮನೆಗೆ ಬರಬೇಕೆಂದಿದ್ದ ಮಕ್ಕಳು ಎಷ್ಟೋ. ಅಪಾಯದ ದೇಶಗಳೆಂಬ ಪಟ್ಟಿಯಿಂದ ಬಂದವರಿಗೆ ನಿಲ್ದಾಣದಲ್ಲಿ ಪರೀಕ್ಷೆ, ಏಳು ದಿನ ಮನೆಯಲ್ಲೇ ಇರುವುದು, ಎಂಟನೆಯ ದಿನ ಮತ್ತೆ ಪರೀಕ್ಷೆ. ಜನವರಿ 11ರಿಂದ ಏಳು ದಿನ ಮನೆಯಲ್ಲಿರುವ ನಿಯಮ ವಿದೇಶದಿಂದ ಬಂದ ಎಲ್ಲರಿಗೂ ಬಂತು. ಫೆಬ್ರವರಿ 14ಕ್ಕೆ ಅದು ಹೋಯಿತು. ಮೂರು ವಾರದ ರಜೆಯಲ್ಲಿ ಒಂದು ವಾರ ಕೋಣೆಯೊಳಗೇ ಕಳೆಯುವುದಾದರೆ, ಪ್ರಯಾಣವನ್ನು ಒಂದು ತಿಂಗಳು ಮುಂದೆ ಹಾಕುವುದೇ ಮೇಲಾಗಿತ್ತು. ಆದರೆ ನಿಯಮ ಯಾವಾಗ ಸಡಿಲವಾಗುತ್ತದೆಂದು ಮೊದಲೇ ಹೇಳುವವರು ಯಾರೂ ಇರಲಿಲ್ಲ.

ಹೋದ ನಿಯಮ ಮರಳಿ ಬರುವುದೂ ಉಂಟು. ಭಾರತಕ್ಕೆ ಬರುವವರು ತುಂಬಬೇಕಿದ್ದ ಏರ್ ಸುವಿಧಾ ಎಂಬ ಸ್ವಯಂಘೋಷಣೆಯ ಅರ್ಜಿಯನ್ನು 2022ರ ನವೆಂಬರಿನಲ್ಲಿ ಕೈಬಿಟ್ಟರು. ಚೀನಾದಲ್ಲಿ ಸೋಂಕು ಏರಿದಾಗ, 2023ರ ಜನವರಿ 1ರಿಂದ, ಜಪಾನ್, ಸಿಂಗಪುರ, ಥಾಯ್ಲೆಂಡ್ ಸೇರಿ ಆರು ಕಡೆಯಿಂದ ಬರುವವರಿಗೆ ಮತ್ತೆ ತಂದರು. ಫೆಬ್ರವರಿಯಲ್ಲಿ ಮತ್ತೆ ತೆಗೆದರು. ಡಿಸೆಂಬರಿನಲ್ಲಿ ಬ್ಯಾಂಕಾಕ್‌ಗೆ ಹೋದವರು ಹೋಗುವಾಗ ಇಲ್ಲದ ನಿಯಮವನ್ನು ಬರುವಾಗ ಕಂಡರು.

ಹಾಗಾದರೆ ಏನು ಮಾಡಬೇಕು? ನನ್ನ ಅನುಭವದಲ್ಲಿ ನಂಬಬಹುದಾದದ್ದು ಆಯಾ ದೇಶದ ಸರ್ಕಾರದ್ದೇ ಪ್ರಕಟಣೆ, ರಾಯಭಾರ ಕಚೇರಿಯದು, ನಮ್ಮ ಆರೋಗ್ಯ ಸಚಿವಾಲಯದ್ದು. ವಾಟ್ಸಾಪ್‌ನಲ್ಲಿ ಬಂದ ಚಿತ್ರಕ್ಕೆ ತಾರೀಖಿರುವುದಿಲ್ಲ. ಕಳೆದ ತಿಂಗಳು ಹೋಗಿ ಬಂದ ನೆಂಟರ ಮಾತೂ ಕಳೆದ ತಿಂಗಳಿನದೇ. ಟಿಕೆಟ್ ಕೊಳ್ಳುವ ಮುಂಚೆ ಒಮ್ಮೆ ಓದಿ. ಹೊರಡುವ ವಾರ ಓದಿ. ಹಿಂದಿನ ದಿನ ಮತ್ತೆ ಓದಿ. ಓದಿದ ಪುಟವನ್ನು ಮುದ್ರಿಸಿ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.

ಈ ಕೊನೆಯ ಮಾತಿಗೆ ಕಾರಣವಿದೆ. ನಿಮ್ಮನ್ನು ಮೊದಲು ತಡೆಯುವವರು ಪರದೇಶದ ಅಧಿಕಾರಿಯಲ್ಲ. ಬೆಂಗಳೂರಿನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಕೊಡುವ ವಿಮಾನ ಕಂಪನಿಯ ನೌಕರ. ಕಾಗದ ಸರಿಯಿಲ್ಲದವರನ್ನು ಕರೆದೊಯ್ದರೆ ಕಂಪನಿಗೆ ದಂಡ ಬೀಳುತ್ತದೆ, ಮರಳಿ ತರುವ ಹೊಣೆಯೂ ಅದರದೇ. ಅವರ ಮುಂದಿರುವ ಗಣಕದಲ್ಲಿ ಟಿಮ್ಯಾಟಿಕ್ ಎಂಬ ನಿಯಮಕೋಶ ಇರುತ್ತದೆ. ಅನುಮಾನ ಬಂದರೆ ಅವರು ಅದನ್ನೇ ನೋಡುತ್ತಾರೆ. ಅಧಿಕೃತ ಪ್ರಕಟಣೆ ನಿಮ್ಮ ಕೈಯಲ್ಲಿದ್ದರೆ ಮಾತಾಡಲು ಒಂದು ಆಧಾರವಿರುತ್ತದೆ.

ಹಣದ ವಿಷಯ ಒಂದೆರಡು ಮಾತು. ಲಾಕ್‌ಡೌನಿನಲ್ಲಿ ರದ್ದಾದ ಟಿಕೆಟ್ಟುಗಳ ಹಣ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಆದೇಶಿಸಿತು. ಕೂಡಲೇ ಕೊಡಲಾಗದ ಕಂಪನಿಗಳು ಅದನ್ನು ಮುಂದಿನ ಪ್ರಯಾಣದ ಖಾತೆಯಲ್ಲಿಡಲು 2021ರ ಮಾರ್ಚ್ 31ರವರೆಗೆ ಅವಕಾಶ ಕೊಟ್ಟಿತು. ಅದು ಆ ಕಾಲಕ್ಕೆ ಸಿಕ್ಕ ನ್ಯಾಯ. ಎಲ್ಲ ಕಾಲಕ್ಕೂ ಸಿಗುತ್ತದೆಂದು ಎಣಿಸಬೇಡಿ. ಸ್ವಲ್ಪ ಹೆಚ್ಚು ದುಡ್ಡಾದರೂ ದಿನ ಬದಲಿಸಬಹುದಾದ ಟಿಕೆಟ್ ಕೊಳ್ಳಿ.

ರೋಗಕ್ಕೂ ಗಡಿಗೂ ನಂಟು ಉಳಿದಿದೆ ಎಂದು ಆಗಲೇ ಹೇಳಿದೆ. ಈಗಲೂ ನಡೆಯುತ್ತಿರುವ ಒಂದು ನಿಯಮ ಕೇಳಿ. ಮಸಾಯಿ ಮಾರಾದ ಸಿಂಹಗಳನ್ನು ನೋಡಲು ಕೀನ್ಯಾಕ್ಕೆ ಹೋಗುವ ಕನ್ನಡಿಗರು ಬಹಳ ಮಂದಿ. ಅಲ್ಲಿಂದ ಮರಳುವಾಗ ಭಾರತ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತದೆ. ಆ ಪ್ರಮಾಣಪತ್ರ ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಊರ್ಜಿತ. ಇಲ್ಲದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಸಿಗುವುದು ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ. ಹೊರಡುವ ವಾರ ಎಚ್ಚೆತ್ತರೆ ತಡವಾಗಿರುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. ಈ ನಿಯಮಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕಚೇರಿಯ ಭಾಷೆಯಲ್ಲಿ ಬರುತ್ತವೆ. ಮಗನ ಮನೆಗೆ ಒಬ್ಬಂಟಿಯಾಗಿ ಹೊರಟ ಅರುವತ್ತೈದರ ತಾಯಿಗೆ, ಮೊದಲ ಸಲ ಗಲ್ಫ್‌ಗೆ ಕೆಲಸಕ್ಕೆ ಹೋಗುವ ಹುಡುಗನಿಗೆ ಅದನ್ನು ಬಿಡಿಸಿ ಓದುವುದು ಕಷ್ಟ. ವಿಮಾನ ನಿಲ್ದಾಣಗಳೂ ರಾಜ್ಯ ಸರ್ಕಾರವೂ ಇಂಥ ಪ್ರಕಟಣೆಗಳನ್ನು ಜಾರಿಯ ದಿನ, ಗಂಟೆ ಸಮೇತ ಕನ್ನಡದಲ್ಲಿ ಕೊಡಬೇಕು. ಅದು ಆಗುವವರೆಗೆ, ಓದಬಲ್ಲ ಯುವಕ ಯುವತಿಯರೆ, ನಿಮ್ಮ ಬೀದಿಯಲ್ಲಿ ಯಾರಾದರೂ ಹೊರದೇಶಕ್ಕೆ ಹೊರಟಿದ್ದರೆ ಅವರ ಮನೆಗೆ ಹೋಗಿ. ಅವರ ಟಿಕೆಟ್ಟನ್ನೂ ಆ ದೇಶದ ನಿಯಮವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿ ಹೇಳಿ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಡಿ.